ಒಂಬತ್ತು ಯೂರೋ ಲಾಭ

ಬಾಗಿಲು ಹಾಕಿಕೊಂಡು ಬಾ, ಶಾಖ ಹೊರಗೆ ಹೋಗುತ್ತೆ.
ಬೂಟಿನ ಹಿಮ ಅಲ್ಲೇ ಕೊಡವು.
ಏನು ಕೇಳಿದೆ? ಅರವತ್ತು ಯೂರೋದ ಸ್ಕೋಪು.
ಇದ್ದವು. ಆ ಗಾಜಿನ ಕಪಾಟಿನಲ್ಲಿ ಖಾಲಿ ಜಾಗ ಕಾಣುತ್ತಲ್ಲ, ಅಲ್ಲೇ,
ಕರ್ರಗೆ, ಮಿರಮಿರನೆ, ಮದುವೆ ಫೋಟೋಕ್ಕೆ ನಿಂತ ಗಂಡಸರ ಹಾಗೆ.

ಈಗ ಡ್ರಾಯರಿನಲ್ಲಿವೆ. ಹನ್ನೊಂದು.
ಒಂದನ್ನು ಎತ್ತಿಕೋ, ಕಿವಿಯ ಹತ್ತಿರ ಅಲ್ಲಾಡಿಸು.
ಕೇಳಿಸಿತೇ? ಒಣ ಬಟಾಣಿ.
ಸ್ಕೋಪಿನೊಳಗೆ ಬಟಾಣಿ ಇರಬಾರದು ಮಗು.

ಈ ಬೆಂಚಿನಲ್ಲಿ ಕೂತು ಅಪ್ಪ ಹೇಳುತ್ತಿದ್ದ:
ಬಂದೂಕಿನ ಒದೆ ಹೆಗಲಿಗೆ ಬಿದ್ದರೆ ನಿನಗೆ ಗೊತ್ತಾಗುತ್ತೆ,
ಗಾಜಿಗೆ ಬಿದ್ದದ್ದು ಯಾರಿಗೂ ಗೊತ್ತಾಗಲ್ಲ.
ನಳಿಗೆಯೊಳಗೊಂದು ಸ್ಪ್ರಿಂಗಿದೆ, ಕಿರುಬೆರಳ ಉಗುರಿನಷ್ಟು.
ಅದು ದಣಿದರೆ
ಕೂದಲೆಳೆಯ ಶಿಲುಬೆ ಕೂದಲೆಳೆಯಷ್ಟು ಸರಿಯುತ್ತೆ.
ಇಲ್ಲಿ ಕೂದಲೆಳೆ,
ಜೌಗಿನ ಆಚೆ ದಂಡೆಯಲ್ಲಿ ಒಂದು ಗೇಣು.

ಸುಲೆವಿ ಗೊತ್ತಲ್ಲ, ಮರದ ಲಾರಿಯವನು,
ಸೋದರಮಾವನ ರೈಫಲು ಬಂತು ಅವನಿಗೆ, ಎರಡು ಸಾವಿರ ಬಾಳುವಂಥದ್ದು.
ಎರಡು ಸಾವಿರದ ಬಂದೂಕಿಗೆ ಅರವತ್ತರ ಕಣ್ಣು.
ಕಣ್ಣು ಕೊಟ್ಟವಳು ನಾನು.
ಲಾಭ ಒಂಬತ್ತು ಯೂರೋ. ಕಾಫಿಗಾಯಿತು, ಏಲಕ್ಕಿ ಬನ್ನಿಗಾಯಿತು.

ಮರಳುಗುಂಡಿಯಲ್ಲಿ ಮೂರು ಗುಂಡು, ಮೂರೂ ಒಂದೇ ನಾಣ್ಯದಡಿ.
ಕಾಗದದ ಗುರಿಯನ್ನು ಬಾವುಟದಂತೆ ಹಿಡಿದು ತಂದ:
"ನೋಡು ಐಲಿ, ಕಾಸಿಗೆ ಮಿಂಚಿದ ಕಜ್ಜಾಯ!"
ನಾನೂ ನಕ್ಕೆ. ನಕ್ಕದ್ದು ನೆನಪಿದೆ.

ಆಮೇಲೆ ನವೆಂಬರು. ಸಂಜೆಯ ಕೊನೆಯ ಇಪ್ಪತ್ತು ನಿಮಿಷ,
ಮೂಸು ಹೊರಗೆ ಬರುವ ಹೊತ್ತು,
ಕುದುರೆಗಿಂತ ಎತ್ತರದ ಗಂಡು, ಬರ್ಚ್ ಮರಗಳ ನಡುವೆ ಸುಮ್ಮನೆ.
ಹೊರಗಿನ್ನೂ ಬೆಳಕಿತ್ತಂತೆ. ಸ್ಕೋಪಿನೊಳಗೆ ಆಗಲೇ ರಾತ್ರಿ.
ಒಳಗಿನಿಂದ ಬೆವರಿತ್ತು ಗಾಜು. ಒಳಗಿನ ಬೆವರನ್ನು
ಯಾವ ತೋಳಿನಿಂದ ಒರೆಸುತ್ತೀ?
ಆದರೂ ಒತ್ತಿದ. ನಾಲ್ಕು ವಾರ ಲಾರಿಯಲ್ಲಿ ಕುಲುಕಿದ ಶಿಲುಬೆ
ಎದೆ ಎಂದು ತೋರಿಸಿದ್ದು ಹೊಟ್ಟೆಯನ್ನು.

ಅವನ ನಾಯಿ ರಾಂಕೊ ಮೂಗು ನೆಲಕ್ಕಿಟ್ಟು
ಎರಡು ರಾತ್ರಿ ನಡೆಯಿತು, ಹಿಂದೆ ಅವನು, ಅವನ ಹಿಂದೆ ಊರ ಅರ್ಧ ಜನ.
ಮೂರನೆಯ ಬೆಳಿಗ್ಗೆ ಕೆರೆಯ ಎಳೇ ಮಂಜುಗಡ್ಡೆಯ ಅಂಚಿನಲ್ಲಿ ಸಿಕ್ಕಿತು.
ಇನ್ನೂ ಉಸಿರಾಡುತ್ತಿತ್ತು.
ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತಾರೆ,
ಅದನ್ನು ತಿಂದದ್ದು ಕಾಸು ಕೊಟ್ಟವನಲ್ಲ.

ಹತ್ತೊಂಬತ್ತು ಮನೆಗೆ ಹಂಚಬೇಕಿದ್ದ ಮಾಂಸ ನಾಯಿಗೂ ಆಗಲಿಲ್ಲ.
ಯಾರೂ ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು ಅಂದ, ಇದೇ ಸ್ಟೂಲಿನ ಮೇಲೆ ಕೂತು,
ರಿಪೇರಿಗೆಂದು ಸ್ಕೋಪು ಮೇಜಿನ ಮೇಲಿಟ್ಟು, ಜೊತೆಗೆ ರಸೀದಿ.
ರಸೀದಿಯಲ್ಲಿ ನನ್ನದೇ ಅಕ್ಷರ, ದುಂಡಗೆ,
ಕೊನೆಗೊಂದು "ಧನ್ಯವಾದ".

ಬಿಚ್ಚಿ ನೋಡಿದೆ. ರಿಪೇರಿ ಮಾಡಲು ಏನಾದರೂ ಇರಬೇಕಲ್ಲ ಒಳಗೆ.

ನೀನು ಕೇಳಬಹುದು, ಒಳ್ಳೆಯದಕ್ಕೆ ಎಷ್ಟು?
ಎಂಟುನೂರು. ಮುಖ ಸಪ್ಪಗೆ ಮಾಡಬೇಡ.
ಗುರಿ ತಪ್ಪಿದಾಗಲೆಲ್ಲ ಮರಳುಗುಂಡಿಗೆ ಓಡುವ ಪೆಟ್ರೋಲು,
ಸುಮ್ಮನೆ ಸುಡುವ ಗುಂಡಿನ ಪೆಟ್ಟಿಗೆಗಳು, ಮುಂದಿನ ವರ್ಷ ಇನ್ನೊಂದು ಅರವತ್ತು...
ಬಿಡು, ಆ ಲೆಕ್ಕ ನಿನಗೇ ಬರುತ್ತೆ.
ಈ ಡ್ರಾಯರಿನದು ಬೇರೆ ಲೆಕ್ಕ.

ದುಡ್ಡಿಲ್ಲ ಅಂದೆಯಾ? ಹಾಗಾದರೆ ಸ್ಕೋಪೇ ಬೇಡ.
ನಿನ್ನ ಬಂದೂಕಿನ ತುದಿಯಲ್ಲಿ ಕಬ್ಬಿಣದ ಪುಟ್ಟ ಮೊನೆಯಿದೆ,
ಅಜ್ಜಂದಿರು ಅದರಲ್ಲೇ ಚಳಿಗಾಲ ದಾಟಿದರು.
ಒಂದೇ ಷರತ್ತು, ಹತ್ತಿರ ಹೋಗಬೇಕು,
ಅದರ ಕಣ್ಣು ನಿನಗೆ ಕಾಣುವಷ್ಟು.
ಅಲ್ಲಿ ನಿಂತು ಇನ್ನೂ ಮನಸ್ಸಿದ್ದರೆ ಒತ್ತು.

ಕಾಫಿ ಹಾಕಲೇ? ಇದಕ್ಕೆ ದುಡ್ಡಿಲ್ಲ.