ಚಪ್ಪಲಿ ಇಲ್ಲೇ ಬಿಡ್ರಿ

ಅಕ್ಕಲಕೋಟಿ ಎಸ್ಟಿ ಸ್ಟ್ಯಾಂಡಿನ ಮಗ್ಗಲಕ
ಮುಚ್ಚಿದ ಫೋನ್ ಬೂತಿನ ಶಟರಿಗೆ ಬೆನ್ನು ಕೊಟ್ಟು
ಕುಂತೀನಿ, ಇಪ್ಪತ್ತೆರಡು ವರ್ಷಾತು.
ಮಂದಿ ಮಾರಿ ನನಗ ನೆನಪುಳಿಯೂದಿಲ್ಲ.
ಅಟ್ಟಿ ತೋರಸ್ರಿ, ಯಾರಂತ ಹೇಳತೀನಿ.

ಒಳಮಗ್ಗಲ ಸವದಿದ್ರ ಪಾದ ಚಪ್ಪಟಿ,
ಸಂಜಿಗೆ ಮೊಣಕಾಲೂ ಹಿಡೀತಾವು ಅವರಿಗೆ.
ಹೊರಮಗ್ಗಲ ಸವದಾಕಿ ಕಾಲು ಉಳುಕಿಸಿಕೊಂಡು ಬಂದಾಳ,
ಇನ್ನೊಮ್ಮೆ ಬರತಾಳ.
ಮುಂಗಾಲಿನ ನಡುವ ರೂಪಾಯಿಯಗಲ ತೂತು ಬಿದ್ದಿದ್ರ
ಡ್ರೈವರ್ ಮಹಾಂತಪ್ಪ.
'ಬೆರಳಿನ ಬುಡಕ ಖಡಿ ಸಿಕ್ಕಂಗ ಆಗತೈತಿ' ಅಂತಾನ.
ಖಡಿ ಎಲ್ಲಿದು? ಬ್ರೇಕು, ಕ್ಲಚ್ಚು, ಆಳಂದ ರೋಡಿನ ತಗ್ಗು.
ಹೆಬ್ಬೆಟ್ಟಿನಗಲ ಒಂದು ಫೋಮಿನ ತುಂಡು,
ನೋಯೂ ಜಾಗಾದ ಕೆಳಗಲ್ಲ, ತುಸು ಹಿಂದ ಅಂಟಿಸಬೇಕು.
ಇದು ನಮ್ಮಪ್ಪಗೂ ಗೊತ್ತಿರಲಿಲ್ಲ.

ಸೊಲ್ಲಾಪುರದ ಚಾದರ ಮಿಲ್ಲಿಂದ ಬರತಾಳ ನರಸವ್ವ,
ಹತ್ತು ತಾಸು ಸಿಮಿಟಿ ನೆಲದ ಮ್ಯಾಲ ನಿಂತಾಕಿ.
ಮುಂಜಾನಿ ಹಾಸಗಿ ಬಿಟ್ಟ ಮೊದಲ ಹೆಜ್ಜಿಗೆ
ಹಿಮ್ಮಡದಾಗ ದಬ್ಬಣ ಇಳದಂಗ;
ಹತ್ತು ಹೆಜ್ಜಿ ಆದಮ್ಯಾಲ ಬಿಡತೈತಂತ.
'ಎಲವು ಬೆಳದೈತಿ, ಕೊಯ್ಸಬೇಕು' ಅಂದಾರಂತ ಯಾರೋ.
ಗಡಿಬಿಡಿ ಮಾಡಬ್ಯಾಡ ತಂಗಿ.
ಅಂಗಾಲಿನ ನಾರು ಅದು, ರಾತ್ರಿಯೆಲ್ಲಾ ಬಿಗಿದಿರತೈತಿ.
ನೆನಸದ ತೊಗಲ ಜಗ್ಗಿದ್ರ ಏನಾಗತೈತಿ,
ನನಗ ಕೇಳು.
ಏಳೂದಕ್ಕಿಂತ ಮೊದಲ, ಹಾಸಗ್ಯಾಗ ಕುಂತು,
ಸೆರಗು ಬೆರಳಿಗೆ ಸುತ್ತಿ ನಿನ್ನ ಕಡೆ ಎಳಕೋ.
ಮೂವತ್ತು ಎಣಸು. ಬಿಡು. ಮತ್ತ ಎಳಕೋ.
ಸಂಜಿಗೆ ಬರ್ಫಾದ ಬಾಟ್ಲಿ ಅಂಗಾಲ ಕೆಳಗ ಉಳ್ಳಾಡಸು.
ಮನ್ಯಾಗೂ ಬರಿಗಾಲಿಲೆ ಫರಸಿ ತುಳೀಬ್ಯಾಡ.
ಮೂರು ತಿಂಗಳು ಬೇಕು, ಆರಾದರೂ ಆದೀತು.
ನರಸವ್ವ ನಕ್ಕಳು: 'ಬಾಟ್ಲಿ ಐತಿ, ಫ್ರಿಜ್ ಎಲ್ಲೈತಿ?'
ಸೋಡಾ ಅಂಗಡಿ ಬಾಬುಲಾಲನ ಡಬ್ಬಿಯೊಳಗ
ಈಗ ಒಂದು ಬಾಟ್ಲಿ ಆಕಿ ಹೆಸರಿಲೆ ಮಲಗೈತಿ.

ಆಣಿ ಕೆತ್ತಿಕೊಂಡು ರಕ್ತ ಸುರಿಸಿಕೋಂತ ಬರತಾರ,
ಬ್ಲೇಡು ಕಿಸೆದಾಗ.
ಆಣಿ ಕಾಲಿಂದಲ್ರಿ, ಬೂಟಿಂದು. ಬೂಟು ಅಗಲ ಮಾಡಸ್ರಿ.
ಹೆಬ್ಬೆರಳು ರಾತ್ರೋರಾತ್ರಿ ಕೆಂಪಗ ಬಾತು
ಹೊದಕಿ ತಾಗಿದ್ರೂ ಚೀರೂ ಹಂಗಾದ್ರ
ನನ್ನ ಕಡೆ ಬರಬ್ಯಾಡ್ರಿ, ಅದು ರಕ್ತದಾಗಿನ ಮಾತು.

ಗುರುವಾರ ದರ್ಶನದ ಗದ್ದಲ.
ಪಾದುಕಾಕ ಹಣಿ ಹಚ್ಚಿ ಬರತಾರ ಮಂದಿ,
ತಮ್ಮ ಪಾದ ಒಮ್ಮೆರ ತಿರುವಿ ನೋಡಿರೂದಿಲ್ಲ.
ಅಂಥಾ ಒಂದು ಗುರುವಾರ ದುಧನಿ ಕಡೆಯ ಮಾಸ್ತರು
'ಉಂಗುಟ ಕಿತ್ತೈತಿ' ಅಂತ ಚಪ್ಪಲಿ ಕೊಟ್ಟರು.
ತಿರುವಿದೆ.
ಅಟ್ಟಿಯೊಳಗಿಂದ ಜ್ವಾಳದ ಕಾಳಿನಷ್ಟು ಮೊಳಿ ಮೂಡಿತ್ತು,
ಸುತ್ತ ತೊಗಲು ಕರ್ರಗ, ಹಸಿ.
'ಎಷ್ಟು ದಿನಾತ್ರಿ ಮಾಸ್ತರ?'
'ಏನು?' ಅಂದ್ರು.

ಇಪ್ಪತ್ತೆರಡು ವರ್ಷ ನೋವಿನ ದೂರು ಕೇಳಿದಾಕಿ,
ಅವತ್ತ, ನೋವಿಲ್ಲದ ಕಾಲಿಗೆ ಅಂಜಿದೆ.
ಸಕ್ಕರಿ ಬ್ಯಾನಿ ಐತೇನ್ರಿ?
'ಇದ್ದರ ಇರಬೇಕು.'
ಪೆಟ್ಟಿಗಿ ಮುಚ್ಚಿದೆ, ಆಟೋ ಕರದೆ.
ಸರಕಾರಿ ದವಾಖಾನಿತನಕ ಅವರ ಚಪ್ಪಲಿ ನನ್ನ ತೊಡಿ ಮ್ಯಾಲ;
ಡಾಕ್ಟರಿಗೆ ಮೊದಲ ತೋರಿಸಿದ್ದು ಅದನ್ನ.
ಕಾಲು ಉಳೀತು.
ಎರಡು ಬೆರಳು ಉಳೀಲಿಲ್ಲ.
ಈಗ ಹೆಂಡತಿಯ ಕೈಗನ್ನಡಿ ನೆಲಕ್ಕಿಟ್ಟು
ದಿನಾ ರಾತ್ರಿ ಅಂಗಾಲು ನೋಡಿಕೋತಾರಂತ.
ಚಪ್ಪಲಿ ಹಾಕೂ ಮೊದಲ ಒಳಗ ಕೈಯಾಡಿಸತಾರಂತ.
ಉಂಗುಟದ ರೊಕ್ಕ ಇನ್ನೂ ಬರೂದೈತಿ.

ನನ್ನ ಕಾಲು ಏನಂತಾವು, ಯಾರೂ ಕೇಳಿಲ್ಲ.
ದಿನವೆಲ್ಲಾ ಮಡಚಿ ಇಟ್ಟ ಕಾಲು.
ಸಂಜಿ ಆರರ ಗಾಡಿ ಹಾರ್ನ್ ಹೊಡೀತೈತಿ.
ಎದ್ದು ಶಟರ್ ಹಿಡಕೊಂಡು ನಿಲ್ಲತೀನಿ.
ಮೊದಲ ಏನೂ ಇಲ್ಲ. ಆಮ್ಯಾಲ ಒಂದು ಇರವಿ,
ಆಮ್ಯಾಲ ಸಾವಿರ.
ಎಡದ್ದು ಬಂತು.
ತಡೀರಿ ಕಂಡಕ್ಟರ,
ಬಲದ್ದು ಇನ್ನೂ ಬರಾಕತ್ತೈತಿ.