ಮೊದಲು ಏನು ಮುಗಿಸಿರಬೇಕು

ಇಪ್ಪತ್ತಾರು ವರ್ಷದಿಂದ ಈ ಕಿಟಕಿಯ ಹಿಂದೆ ಕೂತಿದ್ದೇನೆ.
ರಸಾಯನಶಾಸ್ತ್ರ ಒಂದಕ್ಷರ ಕಲಿತವಳಲ್ಲ.
ಆದರೆ ಯಾವುದಕ್ಕೆ ಮೊದಲು ಯಾವುದು ಅಂತ ಕೇಳಿ,
ನಿದ್ದೆಗಣ್ಣಲ್ಲೂ ಒಪ್ಪಿಸುತ್ತೇನೆ:
ಸಾವಯವ ಎರಡಕ್ಕೆ ಸಾವಯವ ಒಂದು,
ಅದಕ್ಕೆ ಸಾಮಾನ್ಯ ಒಂದು, ಸಾಮಾನ್ಯ ಎರಡು,
ಎರಡರಲ್ಲೂ ಅರವತ್ತರ ಮೇಲೆ;
ಭೌತ ರಸಾಯನಕ್ಕೆ ಗಣಿತ, ಗಣಿತಕ್ಕೆ ಧೈರ್ಯ.
ಕೊನೆಯದು ಕೈಪಿಡಿಯಲ್ಲಿಲ್ಲ, ನಾನು ಸೇರಿಸಿದ್ದು.

ಬಂದರಿನಿಂದ ಹತ್ತಿ ಬಂದ ಮಂಜು
ಸೇಂಟ್ ಜಾನ್ಸ್‌ನ ಏರುಬೀದಿಗಳನ್ನು ಒಂದೊಂದಾಗಿ ಒರೆಸುತ್ತಿದ್ದ ಬೆಳಿಗ್ಗೆ
ಡಾರ್ಕಸ್ ಪೆನ್ನಿ ಬಂದಳು.
ಐವತ್ತೆರಡು ವಯಸ್ಸು. ಸಾಲಲ್ಲಿದ್ದ ಹುಡುಗರು
ಯಾರದೋ ತಾಯಿ ಅಂದುಕೊಂಡು ದಾರಿ ಬಿಟ್ಟರು.
ಪ್ಲಾಸ್ಟಿಕ್ ಚೀಲದಿಂದ ಅಂಕಪಟ್ಟಿ ತೆಗೆದಳು,
ಮಡಿಕೆಯಲ್ಲಿ ಹರಿದದ್ದು, ಅಂಟಿಸಿದ ಟೇಪೂ ಹಳದಿಯಾದದ್ದು:
ಸಾಮಾನ್ಯ ಒಂದು, ಎಪ್ಪತ್ತೊಂದು ಅಂಕ,
ಕಾಡ್ ಮೀನು ಹಿಡಿಯಕೂಡದೆಂದು ಆಜ್ಞೆ ಬಂದ ವರ್ಷದ್ದು.
ಎರಡನೆಯದು ಮುಗಿಸಿಲ್ಲ. ಯಾಕೆಂದು ಕೇಳಲಿಲ್ಲ ನಾನು.
ಆ ವರ್ಷ ಈ ದ್ವೀಪದಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.

"ಹತ್ತು ವರ್ಷ ದಾಟಿದ ಕ್ರೆಡಿಟ್ ಲೆಕ್ಕಕ್ಕಿಲ್ಲ," ಅಂದೆ.
"ಯಾಕೆ? ನೀರು ಬದಲಾಯಿತೇ?" ಅಂದಳು,
ನಗದೆ.

ಆಮೇಲೆ ಹೇಳಿದಳು: ಇಪ್ಪತ್ತೇಳು ವರ್ಷ ಏಡಿ ಕಾರ್ಖಾನೆ.
ಕುದಿಯುವ ತೊಟ್ಟಿಯಿಂದ ಏಳುವ ಹಬೆ.
ಮೊದಲು ಮೂಗು ಸೋರಿತು, ಆಮೇಲೆ ಕಣ್ಣು,
ಒಂದು ರಾತ್ರಿ ಎದೆಯೇ ಒಳಗಿನಿಂದ ಅಗುಳಿ ಹಾಕಿಕೊಂಡಿತು.
ಡಾಕ್ಟರು ಅದಕ್ಕೊಂದು ಹೆಸರು ಕೊಟ್ಟರು, ಕಂಪನಿ ಒಂದು ಚೆಕ್ಕು.
"ಹೆಸರು ಇಟ್ಟುಕೊಂಡು ಏನು ಮಾಡಲಿ?
ಆ ಹಬೆಯಲ್ಲಿ ಏನಿದೆ, ಅದು ಬೇಕು."

ಕೈಪಿಡಿ ತಿರುವಿದೆ. ಜೀವರಸಾಯನ, ಮೂರನೇ ವರ್ಷ.
ಅದಕ್ಕೆ ಮೊದಲು ಸಾವಯವ, ಅದಕ್ಕೆ ಮೊದಲು
ಬೆರಳು ಪುಟದಿಂದ ಪುಟಕ್ಕೆ ಇಳಿದು, ಇಳಿದು,
ಅವಳ ಹಳದಿ ಕಾಗದದ ಬುಡಕ್ಕೇ ಬಂದು ನಿಂತಿತು.
ಉತ್ತರ ಇದೆ ಕಣೇ, ಆರು ಕೋರ್ಸಿನಾಚೆ.

ವಿನಾಯಿತಿ ಅರ್ಜಿ ನಾನೇ ಬರೆದೆ.
ಕಾರಣವೆಂಬ ಚೌಕದಲ್ಲಿ ಅವಳ ಮಾತೇ: ನೀರು ಬದಲಾಗಿಲ್ಲ.
ಮುಖ್ಯಸ್ಥರು ಹಲ್ವರ್ಸನ್, ಕೆಟ್ಟವರಲ್ಲ,
ಕೆಳಗೆ ಹಸಿರು ಶಾಯಿಯಲ್ಲಿ, ತಕ್ಕಡಿ ಬದಲಾಗಿದೆ, ಎಂದು ಬರೆದು
ಸಹಿಯಿಲ್ಲದೆ ವಾಪಸು ಕಳಿಸಿದರು.

ಸರಿ, ಮೊದಲಿಂದ. ಮುಚ್ಚಿದ ಬೂಟು, ಕನ್ನಡಕ, ಕಟ್ಟಿದ ಕೂದಲು.
ಲ್ಯಾಬಿನಲ್ಲಿ ಜೋಡಿಗೆ ಕ್ಯಾಲಮ್ ಬುಗ್ಡನ್, ಹದಿನೆಂಟರ ಆತುರ;
ಬ್ಯುರೆಟ್ ತಿರುಗಿಸಿದ್ದೇ ತಡ, ಫ್ಲಾಸ್ಕಿನ ತುಂಬ
ಗೊಂಬೆಯ ಲಂಗದ ಗಾಢ ಗುಲಾಬಿ.
ಇವಳದು ಏಡಿಯ ಕಾಲು ಸೀಳಿ, ಒಳಗಿನ ಎಳೆ ಮುರಿಯದೆ
ಹೊರತೆಗೆದ ಕೈ. ಒಂದು ಹನಿ. ಅರ್ಧ ಹನಿ.
ಬಿಳಿ ಹಾಳೆಯ ಮೇಲಿಟ್ಟು ನೋಡಿದರೆ
ಇದೆಯೋ ಇಲ್ಲವೋ ಎಂಬಷ್ಟು ಬಣ್ಣ.
ಕ್ಯಾಲಮ್ಮನೇ ಬಂದು ನನಗೆ ಹೇಳಿದ್ದು ಇದು,
ಮುಖ ಕೆಂಪಗೆ ಮಾಡಿಕೊಂಡು.

ಗಣಿತದಲ್ಲಿ ನಲವತ್ತೆಂಟು. ಬೇಕಿದ್ದದ್ದು ಐವತ್ತು.
ಹಿಮ ಕರಗುವ ಹೊತ್ತಿಗೆ ಮತ್ತೆ ಕಿಟಕಿಗೆ ಬಂದಳು,
ಮೆಟ್ಟಿಲು ಹತ್ತಿದ ಉಬ್ಬಸಕ್ಕೆ ಕಟ್ಟೆ ಹಿಡಿದು ನಿಂತಳು,
ಇನ್ಹೇಲರ್ ಎರಡು ಸಲ ಒತ್ತಿದಳು. ಮಾತಿಗೆ ಕಾದೆ.
ನನಗೆ ತಡೆಯಲಾಗಲಿಲ್ಲ.
ಮೂರನೇ ವರ್ಷದ ಪುಟ ತೆಗೆದು
ವಿವರಣೆಯ ಎರಡನೇ ಸಾಲು ತೋರಿಸಿದೆ:
ಇಗೋ, ಪ್ರೋಟೀನು. ಹಬೆಯಲ್ಲಿ ಇರುವುದು ಇದೇ ಇರಬೇಕು.
ಬಗ್ಗಿ ಓದಿದಳು, ಬೆರಳಿಟ್ಟು, ಅಕ್ಷರ ಅಕ್ಷರವಾಗಿ.

"ಇದೂ ಹೆಸರೇ," ಅಂದಳು.
"ಗಣಿತದ ಅರ್ಜಿ ಕೊಡು. ಪೆನ್ನೂ ಕೊಡು."