ಹಿನ್ನೀರಿನ ಅಚ್ಚು

ಶನಿವಾರದ ಅರ್ಧ ಶಾಲೆ. ಬಾಗಲಕೋಟೆಯ ನವನಗರ.
ಹಳೇ ಪೇಪರು ಹಾಸಿ ಕೂತಿದ್ದಾರೆ ಹನ್ನೊಂದು ಮಂದಿ,
ಮಾವಿನ ಜ್ಯೂಸಿನ ಪೊಟ್ಟಣ ಕತ್ತರಿಸಿ, ತೊಳೆದು,
ಬೆಳ್ಳಿಯಂಥ ಒಳಮೈ ಮೇಲಾಗಿ ಇಟ್ಟುಕೊಂಡು
ಮಸಿ ತೀರಿದ ಪೆನ್ನಿನಿಂದ ಕೊರೆಯುತ್ತಾರೆ.
ಸಿಹಿ ವಾಸನೆಗೆ ಇರುವೆ ಬಂದಿವೆ. ಓಡಿಸುವವರಿಲ್ಲ.

ಗೋಡೆಗೆ ಅಂಟಿಸಿದ್ದೇನೆ ಹಳೇ ಕ್ಯಾಲೆಂಡರಿನಲ್ಲಿ ಸಿಕ್ಕ ಜಪಾನಿನ ಅಲೆ:
ಉಗುರು ಚಾಚಿ ಎದ್ದು ನಿಂತ ನೀರು,
ಕೆಳಗೆ ಬಾಗಿದ ದೋಣಿ,
ದೂರದಲ್ಲಿ ಹಿಮದ ಗುಡ್ಡ, ಮಡಚಿಟ್ಟ ಖಣದಷ್ಟು.

ಗುರುಪಾದನ ಗುಡ್ಡದಿಂದ ಹೊಗೆ ಏಳುತ್ತದೆ.
"ಸಿಮೆಂಟ್ ಫ್ಯಾಕ್ಟರಿ ರೀ ಸರ್, ಅಲ್ಲೂ ಇದ್ದೀತು, ಹಿಂದ."
ಅಲ್ಫಿಯಾಳ ದೋಣಿಗೆ ಟಂಟಂ ಗಾಡಿಯ ಮೂತಿ,
ಒಳಗೆ ಏಳು ಜನ, ಒಂದು ಆಡು.
ಚಪ್ಪಲಿ ಅಟ್ಟೆಯ ಮೀನು ಯಾರದೋ;
ಹಿಮ್ಮಡಿ ಸವೆದಲ್ಲಿ ಅದಕ್ಕೆ ಹೊಟ್ಟೆ.

ಬಟ್ಟೆಗೆ ಹಾಕುವ ನೀಲಿ, ಅಕ್ಕಿ ಗಂಜಿ, ಕಲಸಿದರೆ ಸಮುದ್ರ.
ಕಾಗದವೆಂದರೆ ಮದುವೆ ಪತ್ರಿಕೆಯ ಬೆನ್ನು.
ಚಮಚದಿಂದ ಉಜ್ಜಿ, ಮೆಲ್ಲಗೆ, ಎನ್ನುತ್ತೇನೆ,
ಎಲ್ಲ ತಿರುವಿ ಬರುತ್ತದೆ, ನೆನಪಿರಲಿ,
ಎಡದ್ದು ಬಲಕ್ಕೆ.

ಭೌರಮ್ಮ ಮಾತ್ರ ಏನೂ ಕೊರೆದಿಲ್ಲ.
"ನಮ್ಮ ನೀರು ಹಿಂಗ ಎದ್ದು ಬರ್ಲಿಲ್ಲಂತ ರೀ.
ಮೋರಿಯೊಳಗಿಂದ ಬಂತಂತ, ಹಿಂದ ಹಿಂದಕ.
ಮೊದಲ ಒರಳಿನ ಕುಣಿ ತುಂಬಿತಂತ,
ಆಯಿ ಚೆಲ್ಲಿದಳಂತ, ಮತ್ತ ತುಂಬಿತಂತ.
ಸಪ್ಪಳನೂ ಇಲ್ಲ."
ಪೆನ್ನು ಕಚ್ಚುತ್ತ ಕೇಳುತ್ತಾಳೆ:
"ಹಿನ್ನೀರು ಅಂದ್ರ ಮೊದಲ ತಿರುವಿ ಬಂದದ್ದಲ್ರಿ,
ಅದನ್ನ ತಿರುವಿ ಕೊರೀಬೇಕೋ, ಸೀದಾ ಕೊರೀಬೇಕೋ?"

ತಿಳಿಯಲಿಲ್ಲ ನನಗೆ.
ನಾನೂ ಆ ಊರಿನವನೇ. ಟ್ರ್ಯಾಕ್ಟರಿನಲ್ಲಿ,
ಅಪ್ಪ ಕಿತ್ತು ತಂದ ಬಾಗಿಲಿನ ಮೇಲೆ,
ಹಿಂದಕ್ಕೆ ಮುಖ ಮಾಡಿ ಕೂತು ಬಂದವನು.
ಊರೇ ನಮ್ಮನ್ನು ಬಿಟ್ಟು ಹೊರಟಂತೆ ಕಂಡಿತ್ತು.
"ಹೆಂಗ ತಿಳೀತೈತಿ ಹಂಗ ಕೊರಿ" ಎಂದೆ.

ಸ್ಕೇಲು ಹಿಡಿದು ಅಡ್ಡ ಗೆರೆ ಎಳೆದಳು, ಒಂದು.
ಅದರ ಕೆಳಗೆ ಇನ್ನೊಂದು. ಇನ್ನೊಂದು.
ಮೇಲೆ ಕರೆಂಟು ಕಂಬದ ತುದಿ, ಒಂದು ಕಾಗೆ.
ಅಷ್ಟೆ.
ಎತ್ತುವಾಗ ಕಾಗದ ತುಸು ಹರಿಯಿತು.

ಜಪಾನಿನವರು ಮೂಲೆಯಲ್ಲಿ ಕೆಂಪು ಮುದ್ರೆ ಒತ್ತುತ್ತಾರೆ, ಹೆಸರಿಗೆ.
ಅವಳು ಸೈಕಲ್ ಟ್ಯೂಬಿನ ಅಂಕಿಗಳನ್ನು ಬಾಟಲಿ ಮುಚ್ಚಳಕ್ಕೆ ಅಂಟಿಸಿ
ಎಣ್ಣೆಯಲ್ಲಿ ಕಲಸಿದ ಕುಂಕುಮಕ್ಕೆ ಅದ್ದಿ ಒತ್ತಿದಳು:
ಸರ್ವೇದವರು ಬಾಗಿಲಿಗೆ ಬರೆದದ್ದು, ಆಯಿಗೆ ಬಾಯಿಪಾಠ,
ನಾಲ್ಕು ನೂರಾ ಹದಿನೇಳು.
ಸೀದಾ ಅಂಟಿಸಿದ್ದಳು, ತಿರುವಿ ಬಂತು.
ಇರ್ಲಿ ಬಿಡ್ರಿ, ಅಂದಳು.

ಗಂಟೆ ಹೊಡೆಯಿತು.
ನಲ್ಲಿಯ ಕೆಳಗೆ ಹನ್ನೊಂದು ಜೊತೆ ಕೈ.
ನೀಲಿ ನೀರು ಮೋರಿಗೆ ಇಳಿದು,
ಪೊಟ್ಟಣದ ಚೂರಿಗೆ ತಡೆದು,
ಸ್ವಲ್ಪ ಹಿಂದಕ್ಕೆ ಬಂತು.